ಗೋಡೆ ಹತ್ತಿದ ಅಕ್ಕಯಮ್ಮ

ನಮ್ಮತ್ತೆ ಅಕ್ಕಯಮ್ಮನವರು ತಮ್ಮ ಮುಖವನ್ನು ತಾವೇ ಎಂಟು ರೂಪಾಯಿ ಕೊಟ್ಟು ಕೊಂಡುಕೊಂಡವರು. ನಮ್ಮೂರು ಸಾರಕ್ಕಿಯಲ್ಲಿ ಈ ಮಾತೆತ್ತಿದರೆ ಕೆಲವರು ಈಗಲೂ ಕಿಸಕ್ಕನೆ ನಗುತ್ತಾರೆ. ನಗಲಿ ಬಿಡಿ. ಅವರ ಮನೆ ಗೋಡೆಯಲ್ಲಿ ಏನಿತ್ತು ಅಂತ ನಾನು ನೋಡಿಲ್ಲವೇ? ಬಟ್ಟೆ ಅಂಗಡಿಯವರು ಪುಕ್ಕಟೆ ಕೊಟ್ಟ ಕ್ಯಾಲೆಂಡರು!

ಅದು ಐವತ್ತೊಂಬತ್ತನೇ ಇಸವಿ. ನಾನು ಈ ಮನೆಗೆ ಸೊಸೆಯಾಗಿ ಬಂದು ಆರು ವರ್ಷವಾಗಿತ್ತು. ಅತ್ತೆ ದಿನಾ ಬೆಳಗ್ಗೆ ನಮ್ಮ ಹೊಲದ ಸೊಪ್ಪನ್ನು ಮಂಕರಿಯಲ್ಲಿ ಹೊತ್ತು ಜಯನಗರಕ್ಕೆ ನಡೆದು, ಅಲ್ಲಿ ಒಂದು ಹೊಂಗೆಮರದ ಕೆಳಗೆ ಕೂತು ಮಾರುತ್ತಿದ್ದರು. ಆಗ ಅಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಒಂದು ಕಟ್ಟು ದಂಟಿನ ಸೊಪ್ಪಿಗೂ ಚೌಕಾಸಿಗೆ ನಿಂತು ಆಫೀಸರ ಹೆಂಡಂದಿರ ಬಾಯಿ ಮುಚ್ಚಿಸುವ ಹೆಂಗಸು. ಕೈ ಮಾತ್ರ ಧಾರಾಳ. ಜಗಳ ಮುಗಿದ ಮೇಲೆ ಒಂದು ಹಿಡಿ ಕೊತ್ತಂಬರಿ ಮೇಲೆ ಹಾಕಿಯೇ ಕಳಿಸುತ್ತಿದ್ದರು.

ಮರದ ಎದುರು ಮನೆಯಲ್ಲಿ ತಿರುಮಲೇಶ ಅಂತ ಒಬ್ಬರು ಡ್ರಾಯಿಂಗ್ ಮೇಷ್ಟ್ರು ಬಾಡಿಗೆಗಿದ್ದರು. ಭಾನುವಾರ ತಾವು ಬರೆದ ಚಿತ್ರಗಳನ್ನು ವರಾಂಡದಲ್ಲಿ ತೂಗುಹಾಕಿ ಮಾರುತ್ತಿದ್ದರು. ಎರಡು ಅಂಗೈ ಜೋಡಿಸಿದಷ್ಟೇ ಅಗಲದ ಚಿತ್ರಗಳು. ಸಂಬಳದ ಜನವೂ ಕೊಳ್ಳಲಿ, ಬಾಡಿಗೆ ಮನೆಯ ಗೋಡೆಗೂ ಹಿಡಿಸಲಿ ಅಂತಲೇ ಚಿಕ್ಕದಾಗಿ ಬರೆಯುತ್ತಿದ್ದರಂತೆ. ಅಚ್ಚು ಹಾಕಿದ್ದಲ್ಲ, ಎಲ್ಲ ಕೈಯಲ್ಲಿ ಬರೆದದ್ದು. ಒಂದು ಮಾರಿಹೋದರೆ ಅಂಥದ್ದು ಇನ್ನೊಂದಿಲ್ಲ.

ಒಂದು ಭಾನುವಾರ ಅತ್ತೆಯ ಜೊತೆ ನಾನೂ ಹೋಗಿದ್ದೆ. ಮೇಷ್ಟರ ಮನೆಗೆ ಸೊಪ್ಪು ಕೊಡಲು ವರಾಂಡ ಹತ್ತಿದ ಅತ್ತೆ ಹಾಗೇ ನಿಂತುಬಿಟ್ಟರು. ಇಂಜಿನಿಯರ ಹೆಂಡತಿ ಕಮಲಾದೇವಿ ಒಂದು ಚಿತ್ರ ಕೈಯಲ್ಲಿ ಹಿಡಿದು, "ಇದು ನಮ್ಮ ಹಾಲ್‌ಗೆ ಚೆನ್ನಾಗಿರುತ್ತೆ ಮೇಷ್ಟ್ರೇ" ಅನ್ನುತ್ತಿದ್ದರು. ಆ ಚಿತ್ರದಲ್ಲಿ ಹೊಂಗೆಮರ, ಮಂಕರಿ, ಮಂಕರಿಯ ಹಿಂದೆ ನಮ್ಮತ್ತೆ! ಅದೇ ಗಂಟು ಮುಖ, ಅದೇ ಎಡಗೆನ್ನೆಯ ಮಚ್ಚೆ. ಸೊಪ್ಪಿನ ಕಟ್ಟು ಹಿಡಿದ ಕೈ ಕೊಡಲೋ ಬೇಡವೋ ಅಂತ ಅರ್ಧಕ್ಕೇ ನಿಂತಿತ್ತು.

"ಅಮ್ಮಾವ್ರೇ, ಅದನ್ನ ಕೆಳಗಿಡಿ," ಅಂದರು ಅತ್ತೆ. "ನಿಮ್ಮ ಹಾಲ್‌ನಾಗೆ ನಿಮ್ಮ ಅತ್ತೆ ಮಾವ ಇರ್ಲಿ. ನಾನ್ಯಾಕೆ ಬಂದು ಕೂತ್ಕೊಳ್ಳಲಿ? ನಮ್ಮನೇಲಿ ಗೋಡೆ ಇಲ್ವಾ?"

ಕಮಲಾದೇವಿ ಒಳ್ಳೆಯವರು, ನಕ್ಕು ಕೊಟ್ಟರು. ಮೇಷ್ಟರಿಗೆ ಮಾತ್ರ ಮೈಯೆಲ್ಲ ಬೆವರು. "ನಿಮ್ಮನ್ನ ಕೇಳದೆ ಬರೆದಿದ್ದು ತಪ್ಪಾಯ್ತು, ಅಜ್ಜಿ. ಹಾಗೇ ತಗೊಂಡ್ ಹೋಗಿ, ದುಡ್ಡು ಬೇಡ."

"ಬಿಟ್ಟಿ ಯಾಕೆ? ನೀವು ನನ್ ಸೊಪ್ಪು ಬಿಟ್ಟಿ ತಿಂದಿದ್ದೀರಾ? ದುಡ್ ಕೊಟ್ಟು ತಗೊಂಡ್ರೆ ನಂದು ಅನ್ನೋಕೆ ಬಾಯಿರುತ್ತೆ."

ಸೆರಗಿನ ಗಂಟು ಬಿಚ್ಚಿ, ಮೇಷ್ಟರು ಕಮಲಾದೇವಿಗೆ ಹೇಳಿದ್ದ ಎಂಟು ರೂಪಾಯಿಯನ್ನೇ ಕೊಟ್ಟುಬಿಟ್ಟರು. ಚೌಕಾಸಿ ಇಲ್ಲ, ಗೊಣಗಾಟ ಇಲ್ಲ. ಅತ್ತೆ ಹೀಗೆ ಹೇಳಿದ ಬೆಲೆಗೇ ಒಂದು ವಸ್ತು ಕೊಂಡದ್ದನ್ನು ನನ್ನ ಜೀವಮಾನದಲ್ಲಿ ಕಂಡದ್ದು ಅದೊಂದೇ ಸಲ.

ಗಾಜು, ಕಟ್ಟು ಹಾಕಿಸಿ ಮನೆಗೆ ತಂದರೆ ನಮ್ಮ ಯಜಮಾನರು ಚಿಕ್ಕಬೈರಪ್ಪ ಹೌಹಾರಿದರು. ನಮ್ಮ ಕಡೆ ಆಗ ಗೋಡೆ ಏರುತ್ತಿದ್ದದ್ದು ದೇವರು, ಇಲ್ಲವೇ ಸತ್ತವರು.

"ಬದುಕಿರೋರ ಪಟ ಹಾಕಿದ್ರೆ ಆಯಸ್ಸು ಕಮ್ಮಿ ಆಯ್ತದೆ ಕಣವ್ವ! ಈಗ ಪೆಟ್ಟಿಗೇಲಿ ಇಡು. ಆಮೇಲೆ ಹಾಕೋಣ."

"ಆಮೇಲೆ ಅಂದ್ರೆ ಯಾವಾಗ್ಲಾ? ನಾನ್ ಸತ್ ಮೇಲಾ? ಆಗ ನೋಡೋಕೆ ನಾನಿರ್ತೀನಾ?"

ಅತ್ತೆಯೇ ಗುಂಡುಕಲ್ಲಿನಲ್ಲಿ ಮೊಳೆ ಹೊಡೆದು, ನಡುಮನೆಯಲ್ಲಿ ದೇವರ ಪಟಗಳ ಪಕ್ಕಕ್ಕೆ ಅದನ್ನು ತಗುಲಿಹಾಕಿದರು. ಯಜಮಾನರು ಎರಡು ದಿನ ಮಾತು ಬಿಟ್ಟರು. ಸಿಟ್ಟಲ್ಲ ಅದು, ಹೆದರಿಕೆ. ಅವರಿಗೆ ಒಂದು ವರ್ಷವಾಗಿದ್ದಾಗಲೇ ಅಪ್ಪ ಜ್ವರದಲ್ಲಿ ತೀರಿಕೊಂಡಿದ್ದರು. ಅಂದಿನಿಂದ ಅವರಿಗೆ ಇದ್ದದ್ದು ಅವ್ವ ಒಬ್ಬರೇ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಶುಕ್ರವಾರ ಬೆಳಗ್ಗೆ ಪಟಗಳಿಗೆಲ್ಲ ಗಂಧದ ಬೊಟ್ಟಿಟ್ಟು ಹೂ ಸಿಕ್ಕಿಸುವುದು ನನ್ನ ಕೆಲಸ. ಒಲೆ ಮೇಲೆ ಹಾಲಿತ್ತು, ಗಮನವೆಲ್ಲ ಅಲ್ಲೇ. ಸಾಲಾಗಿ ಬೊಟ್ಟಿಡುತ್ತ ಬಂದ ಕೈ ಅತ್ತೆಯ ಪಟಕ್ಕೂ ಇಟ್ಟು, ಮೇಲೊಂದು ಕಣಗಿಲೆ ಹೂ ಸಿಕ್ಕಿಸಿಬಿಟ್ಟಿತು. ಐದು ನಿಮಿಷವೂ ಆಗಿರಲಿಲ್ಲ, ಅರೆಕೆರೆಯಿಂದ ಅತ್ತೆಯ ತಂಗಿ ನಾರಾಯಣಮ್ಮ ಬಂದರು. ಹೊಸಿಲು ದಾಟಿ ಗೋಡೆ ನೋಡಿದ್ದೇ ತಡ, "ಅಯ್ಯೋ ನಮ್ಮಕ್ಕಾ! ಯಾವಾಗ್ ಹೋದೆ? ನಂಗೊಂದ್ ಮಾತು ಹೇಳಿ ಕಳಿಸ್ಲಿಲ್ವಲ್ರೋ ಪಾಪಿಗಳಾ!" ಅಂತ ಎದೆ ಬಡಿದುಕೊಂಡು ಕುಸಿದರು. ಬೀದಿಯವರೆಲ್ಲ ಬಾಗಿಲಿಗೆ ಬಂದರು.

ಹಿತ್ತಲಿನಿಂದ ಅತ್ತೆ ಸಗಣಿ ಕೈಯಲ್ಲೇ ಓಡಿ ಬಂದರು. "ಯಾರೇ ಹೋದ್ರು, ನಾರಾಯಣಿ?"

"ನೀನೇ ಕಣಕ್ಕಾ!" ಅಂದ ಆಕೆ ತಲೆಯೆತ್ತಿ ನೋಡಿ ಚೀರಿದ ಚೀರಿಗೆ ಕೊಟ್ಟಿಗೆಯ ಎಮ್ಮೆ ಹಗ್ಗ ಕಿತ್ತುಕೊಂಡಿತು.

ಅತ್ತೆಗೆ ನಗು ತಡೆಯಲಾಗಲಿಲ್ಲ, ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟರು. ಯಜಮಾನರು ನಗಲಿಲ್ಲ. ಮುಖ ಬಿಳಿಚಿಹೋಗಿತ್ತು. ಸ್ಟೂಲು ಎಳೆದು ಹತ್ತಿ ಪಟ ಬಿಚ್ಚಿದರು. "ಅಪಶಕುನ. ಇವತ್ತೇ ಮೇಷ್ಟ್ರಿಗೆ ವಾಪಸ್ ಕೊಟ್ಟು ಬರ್ತೀನಿ."

ಅತ್ತೆಯ ನಗು ನಿಂತಿತು. "ಬೈರಾ, ನಿಮ್ಮಪ್ಪನ ಮುಖ ಹೆಂಗಿತ್ತು, ಹೇಳು."

ಯಜಮಾನರು ಸ್ಟೂಲಿನ ಮೇಲೆ ನಿಂತೇ ಇದ್ದರು.

"ನಂಗೊಬ್ಬಳಿಗೇ ಗೊತ್ತು. ನಾನ್ ಹೋದ್ರೆ ಅದೂ ಹೋಯ್ತು. ನನ್ ಮುಖಾನೂ ಹಂಗೇ ಹೋಗ್ಬೇಕಾ? ಪಟ ಹಾಕಿದ್ರೆ ಆಯಸ್ಸು ಕಮ್ಮಿ ಅಂತೀಯಲ್ಲ, ನಿಮ್ಮಪ್ಪಂದು ಒಂದು ಪಟಾನೂ ಇರ್ಲಿಲ್ಲ. ನೂರು ವರ್ಷ ಬದುಕಿದ್ರಾ?"

ಯಜಮಾನರು ಹೂ ತೆಗೆದು, ಗಾಜಿನ ಮೇಲಿನ ಗಂಧವನ್ನು ಪಂಚೆಯ ಅಂಚಿನಲ್ಲಿ ಒರೆಸಿ, ಪಟವನ್ನು ಅದೇ ಮೊಳೆಗೆ ಸಿಕ್ಕಿಸಿ ಇಳಿದರು. ನನಗೆ ಅಳು ತಡೆಯಲಾಗಲಿಲ್ಲ. ಒಲೆ ಮೇಲಿನ ಹಾಲು ಪೂರ್ತಿ ಉಕ್ಕಿಹೋಗಿತ್ತು, ಹಾಳಾಗಿ ಹೋಗಲಿ.

ಆಯಸ್ಸಿನ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ಅರವತ್ತೊಂಬತ್ತನೇ ಇಸವಿಯಲ್ಲೂ ನಮ್ಮತ್ತೆ ಅದೇ ಹೊಂಗೆಮರದ ಕೆಳಗೆ ಕೂತು ಗಿರಾಕಿಗಳ ಜೊತೆ ಜಗಳ ಆಡುತ್ತಿದ್ದರು. ಅಷ್ಟು ಹೊತ್ತಿಗೆ ಸಾರಕ್ಕಿಯ ಎಷ್ಟೋ ಹೆಂಗಸರು ಮೇಷ್ಟರ ಮುಂದೆ ಕೂತು ಬರೆಸಿಕೊಂಡು, ಗಟ್ಟಿಮುಟ್ಟಾಗಿ ಬದುಕಿದ್ದೇ ಗೋಡೆ ಹತ್ತಿದ್ದರು. ಮೊದಲು ಹತ್ತಿದವರು ನಮ್ಮತ್ತೆ, ನೆನಪಿರಲಿ.

ಅಲ್ಲ, ಎರಡನೆಯವರು ಯಾರು ಅಂತ ಹೇಳಲೇ ಇಲ್ಲ. ಆ ಗಲಾಟೆಯಾದ ಎರಡು ತಿಂಗಳಿಗೆ ಯಜಮಾನರು ಒಂದು ಭಾನುವಾರ ಇಸ್ತ್ರಿ ಶರ್ಟು ಹಾಕಿಕೊಂಡು, ಎಲ್ಲಿಗೆ ಅಂತ ಹೇಳದೆ ಹೊರಟರು. ಮುಂದಿನ ಭಾನುವಾರವೂ ಹಾಗೇ. ಮೂರನೆಯ ಭಾನುವಾರ ಕಂಕುಳಲ್ಲಿ ಪೇಪರು ಸುತ್ತಿದ ಏನನ್ನೋ ಹಿಡಿದು ಬಂದು, ಅತ್ತೆಯ ಮಡಿಲಲ್ಲಿಟ್ಟರು.

"ನಿನ್ ಪಕ್ಕಕ್ಕೆ ಹಾಕವ್ವ," ಅಂದರು. ನಾಚಿಕೆಯಿಂದ ಕಿವಿ ಕೆಂಪಾಗಿತ್ತು.

ಬಿಚ್ಚಿದರೆ ಅಷ್ಟೇ ಅಗಲದ ಇನ್ನೊಂದು ಚಿತ್ರ, ತಲೆಗೆ ಟವೆಲ್ಲು ಸುತ್ತಿದ ನಮ್ಮ ಯಜಮಾನರು. ಅತ್ತೆ ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದರು, ನೋಡಿಯೇ ನೋಡಿದರು. ಅವರ ಕಣ್ಣಲ್ಲಿ ನಾನು ನೀರು ಕಂಡದ್ದು ಅವತ್ತೇ ಮೊದಲು.

"ಅವರು ಹೋದಾಗ ಅವರಿಗೂ ನಿನ್ನಂಗೇ ಮೂವತ್ತೆರಡೇ ಕಣ್ಲಾ. ಇದೇ ಹುಬ್ಬು, ಇದೇ ಮೂಗು, ಟವೆಲ್ ಸುತ್ತೋದೂ ಹಿಂಗೇ." ಚಿತ್ರವನ್ನು ಮಗನ ಕಡೆ ತಿರುಗಿಸಿದರು. "ಅವತ್ತು ಕೇಳಿದ್ನಲ್ಲ, ನೋಡ್ಕೊ. ನಿಮ್ಮಪ್ಪ ಹಿಂಗೇ ಇದ್ರು."

ಯಜಮಾನರು ಎಷ್ಟೋ ಹೊತ್ತು ನೋಡುತ್ತ ನಿಂತರು. ಆಮೇಲೆ ಒಳಗೆ ಹೋಗಿ ಗುಂಡುಕಲ್ಲು ತಂದು, ಅವ್ವನ ಪಟದ ಪಕ್ಕಕ್ಕೆ ತಾವೇ ಮೊಳೆ ಹೊಡೆದರು.