ಪಡುವಣ ಗೋಡೆಯ ಸಣ್ಣ ಬಾಗಿಲು

ಕೆಂಪು ದೀಪಕ್ಕೆ ಕಾರು ನಿಂತ ಕೂಡಲೇ ಅವರ ಬಲಗೈ ತೋರುಬೆರಳು ಸ್ಟಿಯರಿಂಗ್ ಮೇಲೆ ಓಡಾಡಲು ಶುರುವಾಗುತ್ತಿತ್ತು. ವರ್ಷಗಟ್ಟಲೆ ಮೌಸ್ ಒತ್ತಿ ತುದಿ ಕೊಂಚ ಎಡಕ್ಕೆ ವಾಲಿದ್ದ ಬೆರಳು ಅದು. ಮೊದಲು ಒಂದು ಅಡ್ಡಗೆರೆ, ಆಮೇಲೆ ಕಮಾನು, ಅದರ ಪಕ್ಕಕ್ಕೆ ಗೋಪುರ. ದೀಪ ಹಸಿರಾದರೂ ಗೋಪುರ ಮುಗಿದಿರುತ್ತಿರಲಿಲ್ಲ. ಟೆಕ್ಸಸ್‌ನಲ್ಲಿ ಜನ ಹಾರನ್ ಹೊಡೆಯುವುದೇ ಅಪರೂಪ. ಆದರೂ ಅವರ ಕಾರಿನಲ್ಲಿ ಕೂತು ನಾನು ಕೇಳಿದ ಹಾರನ್‌ಗಳಿಗೆ ಲೆಕ್ಕವಿಲ್ಲ.

ಲಿಟಲ್ ಎಲ್ಮ್‌ನಲ್ಲಿ ಅವರದು ನಮ್ಮ ಪಕ್ಕದ ಮನೆ. ನನಗೆ ಅವರು ಅಂಕಲ್, ಅವರಿಗೆ ನಾನು ತಂಗಿ. ಲಾಸ್ ಕೊಲಿನಾಸ್‌ನಲ್ಲಿ ನಮ್ಮಿಬ್ಬರ ಆಫೀಸುಗಳ ನಡುವೆ ಇದ್ದದ್ದು ಒಂದು ಪಾರ್ಕಿಂಗ್ ಲಾಟ್ ಅಷ್ಟೆ. ಆಗ ನನಗೆ ಡ್ರೈವಿಂಗ್ ಬರುತ್ತಿರಲಿಲ್ಲ, ಕಲಿಯುವ ಧೈರ್ಯವೂ ಇರಲಿಲ್ಲ. ಮೂರು ವರ್ಷ ದಿನಾ ಬೆಳಿಗ್ಗೆ ಕರೆದುಕೊಂಡು ಹೋಗಿ ಸಂಜೆ ತಂದು ಬಿಟ್ಟರು. ನಾನು ಕೊಡಬೇಕಾಗಿದ್ದದ್ದು ನನ್ನ ಕಿವಿ ಮಾತ್ರ. ಕಾರಿನಲ್ಲಿ ಒಂದು ನಿದ್ದೆ ತೆಗೆಯೋಣ ಎಂಬ ಆಸೆಯಿದ್ದ ನನಗೆ ಅದೇನು ಸಣ್ಣ ಬೆಲೆಯಾಗಿರಲಿಲ್ಲ.

ಅಂಕಲ್ ಹುಟ್ಟಿದ್ದು ಗದಗದಲ್ಲಿ. ಅದನ್ನು ಅವರು ಗದಗ ಎಂದೇ ಕರೆಯುತ್ತಿದ್ದರು. "ನಮ್ಮೂರು" ಎಂದರೆ ಮಾತ್ರ ಅದು ಸ್ಪೇನಿನ ಎತ್ತರದ ಬಯಲಲ್ಲಿ, ಗುಡ್ಡದ ಮೇಲೆ ಕೋಟೆಗೋಡೆ ಸುತ್ತಿಕೊಂಡು ಕೂತಿರುವ ಒಂದು ಪುಟ್ಟ ಹಳೆಯ ಊರು. ಫೋನಿನಲ್ಲಿ ಡಾಲಸ್‌ನ ಹವೆಯ ಕೆಳಗೆ ಆ ಊರಿನ ಹವೆ ಇರುತ್ತಿತ್ತು. ಸೀಟ್‌ಬೆಲ್ಟ್ ಹಾಕುವ ಮೊದಲೇ ವರದಿ: "ನಮ್ಮೂರಾಗ ಇವತ್ತ ಎರಡ ಡಿಗ್ರಿ ಐತಿ, ತಂಗಿ. ಮ್ಯಾಲ ಗಾಳಿ ಬ್ಯಾರೆ." ಒಂಬತ್ತು ತಿಂಗಳು ಚಳಿ, ಮೂರು ತಿಂಗಳು ನರಕ ಎಂದು ಅಲ್ಲಿಯವರೇ ಹೇಳುತ್ತಾರಂತೆ. ಹಾಗಾದರೆ ಡಾಲಸ್ಸೇ ವಾಸಿ ಅಲ್ಲವೇ ಎಂದರೆ ಇಡೀ ದಿನ ಮುಖ ಗಂಟು ಹಾಕಿಕೊಳ್ಳುತ್ತಿದ್ದರು.

ಹೀಗೆ ಟೋಲ್ ರೋಡಿನ ಟ್ರಾಫಿಕ್‌ನಲ್ಲಿ ಕೂತೇ ನಾನು ಆ ಊರಿನ ಚರಿತ್ರೆಯನ್ನೆಲ್ಲ ಕಲಿತೆ. ಮೊದಲು ಕೋಟೆ ಕಟ್ಟಿ ಮಳೆನೀರಿಗೆ ನೆಲದಡಿ ತೊಟ್ಟಿ ಮಾಡಿದವರು ಅರಬರು. ಆಮೇಲೆ ಗೆದ್ದುಕೊಂಡ ಕ್ರೈಸ್ತ ರಾಜರು ಮಸೀದಿಯಿದ್ದ ಜಾಗದಲ್ಲೇ ಚರ್ಚು ಎಬ್ಬಿಸಿದರು. ಕುರಿ ಉಣ್ಣೆಯ ಸಂತೆಯಿಂದ ಊರು ಸಿರಿವಂತವಾಯಿತು, ನಡುವಿನ ಚೌಕದ ಸುತ್ತ ಕಲ್ಲುಕಂಬದ ಮೊಗಸಾಲೆ ಎದ್ದಿತು. ಒಂದು ಸಲ ಹೊಳೆ ಬಂದು ಸೇತುವೆ ಕೊಚ್ಚಿಹೋಗಿ, ವ್ಯಾಪಾರದ ದಾರಿ ಬೇರೆ ಕಡೆ ಹೊರಳಿತು. ಅಲ್ಲಿಂದ ಹೊಸದೇನೂ ಕಟ್ಟಲು ಕಾಸಿಲ್ಲದೆ ಹಳೆಯದೆಲ್ಲ ಹಾಗೇ ಉಳಿಯಿತು. ಬಡತನವೇ ಆ ಊರನ್ನು ಕಾಪಾಡಿತು ಎಂಬುದು ಅಂಕಲ್ ಸಿದ್ಧಾಂತ. ಚರ್ಚಿನ ಗೋಪುರದ ಮೇಲೆ ಕೊಕ್ಕರೆಗಳು ಗೂಡು ಕಟ್ಟುವುದನ್ನಂತೂ ನೂರು ಸಲ ಹೇಳಿರಬೇಕು.

ಅಲ್ಲಿ ಎಷ್ಟು ವರ್ಷ ಇದ್ದಿರಿ ಎಂದು ಒಂದು ದಿನ ಕೇಳಿದೆ. "ನಾ ಅಲ್ಲಿಗೆ ಹೋಗೇ ಇಲ್ಲ, ತಂಗಿ" ಎಂದರು.

ನನಗೆ ಸಿಟ್ಟೇ ಬಂತು. ಸ್ಪೇನಿನಲ್ಲಿ ಇದ್ದು ಬಂದವರು ಎಂದು ಅವರ ಬಗ್ಗೆ ನಾನು ಆಫೀಸಿನಲ್ಲೆಲ್ಲ ಹೇಳಿಕೊಂಡು ಬಂದಿದ್ದೆ. ಆಗ ತಮ್ಮ ಕೆಲಸ ಏನೆಂದು ವಿವರಿಸಿದರು. ಹಳೆಯ ಕಟ್ಟಡಗಳನ್ನು ಅಲ್ಲಿಯವರು ಲೇಸರ್ ಯಂತ್ರದಿಂದ ಅಳೆದು ಕಳಿಸುತ್ತಾರೆ; ಪರದೆಯ ಮೇಲೆ ಅದು ಕೋಟ್ಯಂತರ ಚುಕ್ಕಿಗಳ ರಾಶಿ. ಆ ಚುಕ್ಕಿಗಳಿಂದ ಗೆರೆ ಎಳೆದು ಕಲ್ಲು ಕಲ್ಲನ್ನೂ ಡ್ರಾಯಿಂಗ್ ಮಾಡುವವರು ಇವರು. ಅಳೆಯುವಾಗ ಅಡ್ಡ ಬಂದ ಜನ, ನಾಯಿ, ಗಿಡ ಎಲ್ಲ ಕಸ. ಮೊದಲು ಅವನ್ನು ಅಳಿಸಬೇಕು. ನಾಲ್ಕು ವರ್ಷ ಅವರು ಆ ಒಂದೇ ಊರನ್ನು ಬರೆದಿದ್ದರು.

ಮುಂದಿನದನ್ನು ಹೇಳುವಾಗ ಬೆರಳು ಸ್ಟಿಯರಿಂಗ್ ಮೇಲೆ ಸುಮ್ಮನಾಯಿತು. ಪಡುವಣ ಗೋಡೆಯ ಬುಡದಲ್ಲಿ ಒಂದು ಕಪ್ಪು ಕಲೆಯಿತ್ತಂತೆ. ಮುಳ್ಳುಕಂಟಿಯ ನೆರಳಿರಬೇಕು ಎಂದು ಅಳಿಸಿ, ಆಚೀಚಿನ ಕಲ್ಲುಗಳನ್ನು ಕೂಡಿಸಿಬಿಟ್ಟರು. ಡ್ರಾಯಿಂಗ್ ಪಾಸಾಗಿ ಹೋಯಿತು. ಎಷ್ಟೋ ಕಾಲದ ಮೇಲೆ ಯಾರೋ ಪ್ರವಾಸಿಯ ಫೋಟೋದಲ್ಲಿ ಅದೇ ಜಾಗದಿಂದ ಒಂದು ಬೆಕ್ಕು ಅರ್ಧ ಹೊರಗೆ ಬಂದದ್ದು ಕಂಡಿತು. ಆಫೀಸಿನಲ್ಲಿ ಹೇಳಿದರೆ, ಆ ಪ್ರಾಜೆಕ್ಟ್ ಮುಗಿದಿದೆ, ಬಿಡಿ ಎಂದರು. ಇವರ ಡ್ರಾಯಿಂಗ್ ಹಿಡಿದುಕೊಂಡೇ ಅಲ್ಲಿ ಗೋಡೆಯ ರಿಪೇರಿ ನಡೆದಿತ್ತಂತೆ.

"ಏಳೆಂಟ ನೂರು ವರ್ಷ ಯಾರೂ ಮುಚ್ಚದ ಬಾಗಲಾ, ನಾ ಒಂದ ಕ್ಲಿಕ್‌ನ್ಯಾಗ ಮುಚ್ಚಿಸೀನೋ ಏನೋ" ಎಂದರು. ನನಗೆ ಮೊದಲು ನಗು ಬಂತು. ಅವರ ಮುಖ ನೋಡಿ ನಗು ತಡೆದುಕೊಂಡೆ.

ಮುಂದಿನ ವಸಂತದಲ್ಲಿ ನನ್ನನ್ನು ಕೆಲಸದ ಮೇಲೆ ಮ್ಯಾಡ್ರಿಡ್‌ಗೆ ಕಳಿಸಿದರು. ಒಂದು ದಿನ ರಜೆ ಹಾಕಿ ಅಂಕಲ್ ಊರಿನ ಬಸ್ ಹತ್ತಿದೆ. ಮಧ್ಯಾಹ್ನ ಎರಡಕ್ಕೆ ಚೌಕದಲ್ಲಿ ನಿಂತು ವಿಡಿಯೋ ಕಾಲ್ ಮಾಡಿದಾಗ ಲಾಸ್ ಕೊಲಿನಾಸ್‌ನಲ್ಲಿ ಬೆಳಿಗ್ಗೆ ಏಳು. ಅಂಕಲ್ ಪಾರ್ಕಿಂಗ್ ಲಾಟ್‌ನಲ್ಲಿ ಕಾರಿನೊಳಗೇ ಕೂತು ಕಾಯುತ್ತಿದ್ದರು. ಎಡಕ್ಕೆ ಹೊರಳು, ಐದನೇ ಕಂಬ ದಾಟು, ಇಪ್ಪತ್ತೆರಡು ಮೆಟ್ಟಿಲು ಹತ್ತು ಎನ್ನುತ್ತಾ ಹೋದರು. ಒಂದು ಮೆಟ್ಟಿಲೂ ತಪ್ಪಲಿಲ್ಲ. ಏರು ಇಷ್ಟಿದೆ ಎಂದು ಮೊದಲೇ ಯಾಕೆ ಹೇಳಲಿಲ್ಲ ಎಂದು ಏದುಸಿರಿನಲ್ಲೇ ಕೇಳಿದೆ.

"ಡ್ರಾಯಿಂಗ್‌ನ್ಯಾಗ ಉಸರ ಹತ್ತಂಗಿಲ್ಲ, ತಂಗಿ" ಎಂದರು.

ಪಡುವಣ ಗೋಡೆಗೆ ಹೊಸ ಗಾರೆ ತುಂಬಿತ್ತು. ಉದ್ದಕ್ಕೂ ಕಲ್ಲೇ ಕಲ್ಲು. ನಾನು ಫೋನು ಹಿಡಿದು ನಿಧಾನವಾಗಿ ನಡೆದೆ. ಬಾಗಿಲು ಇಲ್ಲ ಎಂದು ಹೇಗೆ ಹೇಳಲಿ ಎಂದು ಮಾತು ಹುಡುಕುತ್ತಿರುವಾಗ, ಮುಂದಿನ ಕಂಟಿಯ ಹಿಂದಿನಿಂದ ಒಬ್ಬ ಅಜ್ಜಿ ಬಗ್ಗಿಕೊಂಡು ಹೊರಗೆ ಬಂದಳು. ಕಂಕುಳಲ್ಲಿ ಉದ್ದನೆಯ ಬ್ರೆಡ್ಡು. ನನ್ನನ್ನು ನೋಡಿ ಅವಳ ಭಾಷೆಯಲ್ಲಿ ಏನೋ ಅಂದು ಇಳಿದು ಹೋದಳು. ಕಂಟಿ ಸರಿಸಿದರೆ ಎದೆಯೆತ್ತರದ ಬಾಗಿಲು, ನಡುವೆ ಸವೆದು ತಗ್ಗಾದ ಹೊಸ್ತಿಲು. ಚೌಕಟ್ಟಿನ ಕಲ್ಲುಸಂದಿಗಳಿಗೂ ಹೊಸ ಗಾರೆಯನ್ನು ಜೋಪಾನವಾಗಿ ತುಂಬಿದ್ದರು.

ಅಂಕಲ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಗಾರೆ ಹಚ್ಚೋ ಗೌಂಡಿಗೋಳು ನನ್ನ ಡ್ರಾಯಿಂಗ್ ನೋಡಿಲ್ಲ ತಂಗಿ, ಗೋಡಿ ನೋಡ್ಯಾರ. ಛಲೋ ಆತು." ತನ್ನ ಕೆಲಸಕ್ಕೆ ಯಾರೂ ಬೆಲೆ ಕೊಡಲಿಲ್ಲ ಎಂದು ಅಷ್ಟು ಖುಷಿಪಟ್ಟ ಮನುಷ್ಯನನ್ನು ನಾನು ಬೇರೆ ನೋಡಿಲ್ಲ. ನೀನೊಮ್ಮೆ ಒಳಗೆ ಹೋಗಿ ಹೊರಗೆ ಬಾ ಎಂದರು. ಫೋನನ್ನು ಕಲ್ಲಿಗೆ ಒರಗಿಸಿ, ಹೆಗಲ ಬ್ಯಾಗಿನ ಸಮೇತ ಬಗ್ಗಿ ಹೋಗಿ ಬಂದೆ.

ಡಾಲಸ್‌ಗೆ ವಾಪಸಾದ ಮೇಲೆ ಅವರೇ ಹಟ ಹಿಡಿದು ನನಗೆ ಡ್ರೈವಿಂಗ್ ಕಲಿಸಿದರು. ಎರಡು ವರ್ಷದ ಮೇಲೆ ಒಂದು ಭಾನುವಾರ, ಊಟ ಮಾಡಿ ಮಲಗಿದವರು ಏಳಲಿಲ್ಲ. ಹದಿಮೂರರ ದಿನ ಆಂಟಿ ನನ್ನನ್ನು ಒಳಗೆ ಕರೆದು ಒಂದು ಸುರುಳಿ ಕಾಗದ ಕೊಟ್ಟರು. "ನಿನಗ ಕೊಡು ಅಂದಿದ್ರು" ಎಂದರು.

ಪಡುವಣ ಗೋಡೆಯ ಡ್ರಾಯಿಂಗ್ ಅದು. ಯಾರೂ ಕೇಳದಿದ್ದರೂ ಹೊಸದಾಗಿ ಬರೆದು, ಕಂಟಿಯ ಪಕ್ಕ ಆ ಬಾಗಿಲನ್ನು ಇಟ್ಟಿದ್ದರು. ಬಾಗಿಲಲ್ಲಿ ಬೂದು ಚುಕ್ಕಿಗಳ ಒಂದು ಆಕಾರ. ಹತ್ತಿರ ಹಿಡಿದು ನೋಡಿದೆ. ಒಬ್ಬ ಹೆಂಗಸು ಬಗ್ಗಿ ಹೊರಗೆ ಬರುತ್ತಿದ್ದಾಳೆ, ಹೆಗಲಲ್ಲಿ ನನ್ನ ಅಗಲ ಪಟ್ಟಿಯ ಬ್ಯಾಗು. ಗೋಡೆಗಳ ಮುಂದಿನ ಜನರನ್ನೆಲ್ಲ ಕಸವೆಂದು ಅಳಿಸುವುದೇ ಅವರ ಜೀವಮಾನದ ಕೆಲಸವಾಗಿತ್ತು. ನನ್ನನ್ನು ಅಳಿಸಿರಲಿಲ್ಲ.