ಬೆರಳಿಟ್ಟು ಓದು

1966ರಲ್ಲಿ ನಾನು ಓದು ನಿಲ್ಲಿಸಿದೆ. ಐದನೇ ಕ್ಲಾಸು. ಅಪ್ಪ ತೀರಿಕೊಂಡರು, ನಾನು ಅಕ್ಕಿಪೇಟೆಯ ಬುಕ್ ಬೈಂಡಿಂಗ್ ಅಂಗಡಿಗೆ ಸೇರಿದೆ. ಅಲ್ಲಿಂದ ಮುಂದೆ ಕಲಿತದ್ದೆಲ್ಲ ಚಾಮರಾಜಪೇಟೆಯ ನಮ್ಮ ಚರ್ಚಿನ ಭಾನುವಾರದ ವೇದಪಾಠದ ಬೆಂಚಿನಲ್ಲಿ. ವಯಸ್ಸಾದ ಟೀಚರಮ್ಮ ಒಬ್ಬರು ಪ್ರತಿ ಪದದ ಕೆಳಗೆ ಬೆರಳಿಡಿಸಿ ಸತ್ಯವೇದ ಓದಿಸುತ್ತಿದ್ದರು. ಓದುವುದು ಅಂದರೇನು, ಓದಿದ್ದರ ಮೇಲೆ ಪ್ರಶ್ನೆ ಕೇಳುವುದು ಅಂದರೇನು ಎಂದು ತೋರಿಸಿದ್ದು ಶಾಲೆಯಲ್ಲ, ಆ ಬೆಂಚು. ಆಮೇಲೆ ಅದೇ ಬೆಂಚಿನ ಮುಂದೆ ನಿಂತು ಇಪ್ಪತ್ತೆರಡು ವರ್ಷ ನಾನೇ ಮಕ್ಕಳಿಗೆ ಪಾಠ ಹೇಳಿದೆ. ಡಿಗ್ರಿ ಮಾಡಿದವರ ಮಕ್ಕಳಿಗೂ ಹೇಳಿದೆ. ಆ ಹೆಮ್ಮೆ ನನಗಿತ್ತು. ಇರಲಿಲ್ಲ ಎಂದು ಯಾಕೆ ಸುಳ್ಳು ಬರೆಯಲಿ?

2003ರ ಒಂದು ಮಂಗಳವಾರ ಬೆಳಗ್ಗೆ ತಲೆಯ ಎಡಭಾಗದಲ್ಲಿ ಸಣ್ಣ ನೋವು. ಲೆಕ್ಕಿಸಲಿಲ್ಲ. ಅಂಗಡಿಗೆ ಹೋಗಿ, ಪ್ರೆಸ್ಸಿನಿಂದ ಬಂದ ಹಾಳೆಗಳನ್ನು ಮಡಿಸಲು ಕೂತೆ.

"ನಾರಾಯಣ, ಇವ್ರು ತೆಲುಗು ಪುಸ್ತಕ ಯಾಕೋ ಕಳ್ಸಿದಾರೆ?"

ಜೊತೆಗೆ ಕೆಲಸ ಮಾಡುವ ನಾರಾಯಣ ನಕ್ಕ. "ಕನ್ನಡಾನೇ ಇದು, ಅಣ್ಣ. ಕನ್ನಡಕ ಮನೇಲಿ ಬಿಟ್ಟು ಬಂದ್ರಾ?"

ಕನ್ನಡಕ ಮೂಗಿನ ಮೇಲೇ ಇತ್ತು.

ತಲೆಕಟ್ಟು ಕಾಣುತ್ತಿತ್ತು, ಒತ್ತು ಕಾಣುತ್ತಿತ್ತು. ಒಂದು ಅಕ್ಷರವೂ ಪರಿಚಯ ಹೇಳಲಿಲ್ಲ.

ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ಆಯಿತು. ಸ್ಟ್ರೋಕ್ ಅಂದರು. ಕೈಕಾಲು ಬಿದ್ದಿಲ್ಲ, ಬಾಯಿ ಸೊಟ್ಟಗಾಗಿಲ್ಲ, ಇದೆಂಥ ಸ್ಟ್ರೋಕ್ ಎಂದು ನನ್ನ ಹೆಂಡತಿ ಸರೋಜ ಕೇಳಿದಳು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ನನ್ನ ಕೈಗೆ ಪೆನ್ನು ಕೊಟ್ಟರು. ತೋಚಿದ ನಾಲ್ಕು ಮಾತು ಬರೆಯಿರಿ ಅಂದರು. ಬರೆದೆ. ಕೈ ನಡುಗಲಿಲ್ಲ. ಬಿ.ಪಿ. ನೋಡಿ, ರಕ್ತ ತೆಗೆಸಿ, ಅರ್ಧ ಗಂಟೆ ಬಿಟ್ಟು ಒಂದು ಕಾಗದ ಹಿಡಿದರು.

"ಇದರಲ್ಲಿ ಏನಿದೆ, ಓದಿ."

"ಯಾರ ಬರಹ ಮೇಡಂ ಇದು?"

ನನ್ನದೇ.

"ಇದಕ್ಕೆ ಅಲೆಕ್ಸಿಯಾ ಅಂತೀವಿ," ಅಂದರು. "ಬರೆಯೋದು ಹೋಗಿಲ್ಲ, ನೆನಪೂ ಚೆನ್ನಾಗಿದೆ. ಓದೋ ದಾರಿ ಮಾತ್ರ ಕಟ್ ಆಗಿದೆ. ಬಲಗಡೆ ನೋಟಾನೂ ಹೋಗಿದೆ. ಅಕ್ಷರದ ಮೇಲೆ ಬೆರಳಿಟ್ಟು ತಿದ್ದಿ ನೋಡಿ. ಕೈಗೆ ಗೊತ್ತಿರೋದು ತಲೆಗೆ ಮುಟ್ಟಬಹುದು."

ತಿದ್ದುವುದು! ಸ್ಲೇಟು ಹಿಡಿದ ಮಗುವಿನ ಹಾಗೆ. ನನಗೆ ಆಗ ನಲವತ್ತೆಂಟು. ಆಗಲ್ಲ ಎಂದೆ.

ಚರ್ಚಿನಲ್ಲಿ ಬಿ.ಪಿ. ಜಾಸ್ತಿಯಾಗಿತ್ತು ಎಂದಷ್ಟೇ ಹೇಳಿದೆವು. ಭಾನುವಾರದ ಆರಾಧನೆಯಲ್ಲಿ ಸತ್ಯವೇದದ ಪಾಠ ಓದುವುದು ವರ್ಷಗಳಿಂದ ನನ್ನ ಕೆಲಸ. ಅದನ್ನು ಬಿಟ್ಟರೆ ನಾನು ಹಾಳೆ ಮಡಿಸುವ ಸಾಮುವೇಲ, ಅಷ್ಟೇ. ಬಿಡಲಿಲ್ಲ. ಶನಿವಾರ ಸಂಜೆ ಸರೋಜ ಮರುದಿನದ ಪಾಠವನ್ನು ಮೂರು ಸಲ ಓದುತ್ತಿದ್ದಳು, ನಾನು ಬಾಯಿಪಾಠ ಮಾಡುತ್ತಿದ್ದೆ. ಬೆಳಗ್ಗೆ ಅವಳು ರಿಬ್ಬನ್ ಇಟ್ಟ ಪುಟ ತೆರೆದು, ಬೆರಳಿಟ್ಟು, ಒಪ್ಪಿಸುತ್ತಿದ್ದೆ. ತರಗತಿಯಲ್ಲಿ ಮಕ್ಕಳ ಕೈಲೇ ಓದಿಸುತ್ತಿದ್ದೆ. ಆರು ವಾರ ನಡೆಯಿತು. ಯಾರಿಗೂ ಗೊತ್ತಾಗಲಿಲ್ಲ.

"ಇನ್ನು ನಾಟಕದ ಕಂಪನಿ ಸೇರ್ಕೊಂಡ್ಬಿಡಿ," ಎಂದಳು ಸರೋಜ.

ಏಳನೇ ವಾರ ಇಬ್ಬರು ಮಕ್ಕಳ ತಂದೆಯ ಕಥೆ ಬಂತು. ಆಸ್ತಿ ಹಾಳು ಮಾಡಿದ ಕಿರಿಯವನು ಮನೆಗೆ ಬರುತ್ತಾನೆ, ಒಳಗೆ ಊಟ, ಹಾಡು. ಹೊಲದಲ್ಲಿ ದುಡಿದು ಬಂದ ಹಿರಿಯವನು ಸಿಟ್ಟಾಗಿ ಹೊರಗೇ ನಿಲ್ಲುತ್ತಾನೆ. ನಾನು ಯಾವತ್ತೂ ಆ ಹಿರಿಯವನ ಪಕ್ಷ. "ಇದನ್ನ ಓದ್ಬೇಡ, ನಂಗೆ ಗೊತ್ತಿರೋದೇ," ಎಂದೆ. ಮರುದಿನ ಗಟ್ಟಿಯಾಗಿ ಒಪ್ಪಿಸಿ ಇಳಿದೆ.

ಇನ್ನೊಂದು ಪಾಠ ಓದಲು ಪಕ್ಕದಲ್ಲಿ ನಿಂತಿದ್ದವಳು ಎಸ್ತೇರ್. ನನ್ನ ಹಳೆಯ ವಿದ್ಯಾರ್ಥಿನಿ, ಈಗ ಬಸವನಗುಡಿಯ ಹೈಸ್ಕೂಲೊಂದರಲ್ಲಿ ಟೀಚರ್. ಆರಾಧನೆ ಮುಗಿದ ಮೇಲೆ ಗೇಟಿನ ಹತ್ತಿರ ಕಾದಿದ್ದಳು.

"ಸರ್, ಒಂದು ವಚನ ಬಿಟ್ರಿ."

"ಇಲ್ಲಮ್ಮ, ಎಲ್ಲಾ ಓದಿದೆ."

"ನಿಮ್ಮ ಬೆರಳು ಎಡಗಡೆ ಕಾಲಂನಲ್ಲೇ ಇತ್ತು. ಪಾಠ ಇದ್ದಿದ್ದು ಬಲಗಡೆ." ಧ್ವನಿ ಏರಿಸಲಿಲ್ಲ. "ನಾನು ಒಂಬತ್ತು ವರ್ಷದವಳಿದ್ದಾಗ ಹಿಂಗೇ ಮಾಡಿದ್ದೆ. ಬೆರಳೊಂದು ಕಡೆ, ಬಾಯೊಂದು ಕಡೆ ಇದ್ರೆ ಅದು ಓದೇ ಅಲ್ಲ, ಕಳ್ಳತನ ಅಂದ್ರಿ. ಎಲ್ಲರ ಮುಂದೆ. ಎರಡು ಭಾನುವಾರ ಬಾಗಿಲ ಹೊರಗೆ ನಿಲ್ಲಿಸಿದ್ರಿ. ನೆನಪಿದ್ಯಾ ಸರ್?"

ನೆನಪಿತ್ತು.

"ನಂಗೆ ಈಗ ಓದಕ್ಕೆ ಬರಲ್ಲ ಎಸ್ತೇರ್," ಎಂದೆ. ಮನೆಯ ಹೊರಗೆ ಆ ಮಾತು ಆಡಿದ್ದು ಅದೇ ಮೊದಲು.

"ಪಾಸ್ಟರ್‌ಗೆ ನೀವೇ ಹೇಳಿ," ಎಂದು ಸ್ಕೂಟರ್ ಹತ್ತಿ ಹೋದಳು.

ಹೇಳಿದೆ. ಪಾಸ್ಟರ್ ನನ್ನ ಭುಜ ತಟ್ಟಿದರು. "ಅರ್ಧ ಸತ್ಯವೇದ ಬಾಯಲ್ಲಿದೆ ನಿಮಗೆ, ಬ್ರದರ್. ಓದದಿದ್ರೆ ಏನೀಗ? ಕ್ಯಾಸೆಟ್ ಹಾಕ್ಕೊಂಡು ಕೇಳಿ, ರೆಸ್ಟ್ ತಗೊಳ್ಳಿ." ಪಾಠ ಓದುವ ಕೆಲಸ ಹೋಯಿತು. ತರಗತಿಯೂ ಹೋಯಿತು. ಥಿಯಾಲಜಿ ಡಿಪ್ಲೊಮಾ ಮಾಡಿದವನೊಬ್ಬ ಬಂದಿದ್ದಾನೆ. ಬಿಟ್ಟ ಸ್ಥಳ ತುಂಬುವ ಜೆರಾಕ್ಸ್ ಹಾಳೆ ಹಂಚುತ್ತಾನೆ, ಮಕ್ಕಳ ಸತ್ಯವೇದ ಚೀಲದಿಂದ ಹೊರಗೆ ಬರುವುದಿಲ್ಲ. ನನಗೆ ಶಾಲು ಹೊದಿಸಿದರು. ಇಪ್ಪತ್ತೆರಡು ವರ್ಷಕ್ಕೆ ಒಂದು ಶಾಲು. ಯಾರ ಮೇಲೂ ಬೇಸರವಿಲ್ಲ ಎಂದು ಇಲ್ಲಿ ಬರೆಯಬೇಕೇನೋ. ಬರೆಯುವುದಿಲ್ಲ.

ಬಿಟ್ಟ ವಚನ ಯಾವುದು ಎಂದು ಸರೋಜಳನ್ನು ಕೇಳಬಹುದಿತ್ತು. ಕೇಳಲಿಲ್ಲ. ಎಸ್ತೇರ್ ಹೇಳಿದ ಮರುದಿನ, ಸೋಮವಾರ ಬೆಳಗ್ಗೆ, ಅಡುಗೆಮನೆಯಲ್ಲಿ ಪುಸ್ತಕ ತೆರೆದು ಕೂತೆ. ಬೆರಳಿಟ್ಟೆ. ತಿದ್ದಿದೆ. ಒಂದು ಅಕ್ಷರದ ಮೇಲೆ ಐದಾರು ಸಲ ಬೆರಳು ಹೋಗಬೇಕು, ಆಗ ಎಲ್ಲೋ ಒಳಗೆ ಕೈ ಅದರ ಹೆಸರು ಹೇಳುತ್ತದೆ. ಪದ ಮುಗಿಯುವ ಹೊತ್ತಿಗೆ ಮೊದಲಕ್ಷರ ಮರೆತಿರುತ್ತದೆ. ಆ ಜಾಗಕ್ಕೆ ಬರಲು ನಾಲ್ಕು ದಿನ ಬೇಕಾಯಿತು.

ತಂದೆ ಹೊರಗೆ ಬಂದ.

ನನ್ನ ಬಾಯಿಪಾಠದಲ್ಲಿ ಹಿರಿಯವನು ಸಿಟ್ಟಾಗುತ್ತಾನೆ, ಕೂಡಲೇ ತನ್ನ ದುಡಿಮೆಯ ದೂರು ಶುರು ಮಾಡುತ್ತಾನೆ. ನಡುವೆ ತಂದೆ ಊಟ ಬಿಟ್ಟು ಎದ್ದು, ಹೊರಗೆ ಬಂದು, ಅವನನ್ನು ಬೇಡಿಕೊಂಡದ್ದು ಇರಲೇ ಇಲ್ಲ. ಅದನ್ನು ಯಾವಾಗ ಉದುರಿಸಿಕೊಂಡೆನೋ ಗೊತ್ತಿಲ್ಲ. ಸ್ಟ್ರೋಕಿನ ತಲೆಗೆ ಕಟ್ಟೋಣ ಎಂದರೆ, ನೆನಪು ಚೆನ್ನಾಗಿದೆ ಎಂದು ಡಾಕ್ಟರಮ್ಮ ಮೊದಲೇ ಹೇಳಿಬಿಟ್ಟಿದ್ದಾರೆ. ಕ್ಯಾಸೆಟ್ ಕೇಳಿ ಎನ್ನುವವರಿಗೆ ನಾನು ಹೇಳಬೇಕಾದ್ದು ಇಷ್ಟೇ. ಬಾಯಲ್ಲಿರುವ ವಚನ ನಮ್ಮ ಮನಸ್ಸಿಗೆ ಬೇಕಾದ ಹಾಗೆ ಸವೆಯುತ್ತದೆ. ಕಿವಿಗೆ ಬಿದ್ದದ್ದು, ಗೊತ್ತಿರುವುದೇ ಅಂದುಕೊಂಡರೆ, ದಾಟಿ ಹೋಗುತ್ತದೆ. ಬೆರಳಿಟ್ಟು ಓದುವವನು ಮಾತ್ರ ತನಗೆ ಬೇಡವಾದ ಸಾಲಿನ ಮೇಲೂ ನಿಲ್ಲಲೇಬೇಕು. ಮಕ್ಕಳಿಗೆ ನಾನು ಕಲಿಸಿದ್ದು ಇದನ್ನೇ. ನಾನೇ ಕಲಿತಿರಲಿಲ್ಲ.

ಎಸ್ತೇರಳ ಮನೆಗೆ ಹೋಗಿ ಕ್ಷಮೆ ಕೇಳಿದೆ. "ಸರಿ ಸರ್," ಅಂದಳು. ಕಾಫಿ ಕೊಟ್ಟಳು. ಅಷ್ಟೇ.

ಇದನ್ನು ಬರೆದವನು ನಾನು, ಓದಿ ಹೇಳುತ್ತಿರುವವಳು ಸರೋಜ. ಈಗ ನನ್ನಲ್ಲಿ ಇರುವುದು: ಎಡಗಡೆಯ ನೋಟ. ಪುಟಸಂಖ್ಯೆ ಗುರುತಿಸುವಷ್ಟು ಅಂಕಿಗಳು, ಹಾಗಾಗಿ ಬೈಂಡಿಂಗ್ ಕೆಲಸ. ದಿನಕ್ಕೆ ಮೂರು ಮಾತ್ರೆ. ಒಂದು ಶಾಲು. ಒಂದು ಬೆರಳು. ದಿನಕ್ಕೆ ಎರಡು ವಚನ, ತಲೆನೋವಿಲ್ಲದ ದಿನ ಮೂರು.