ಮಾನಮ್ಮ ಒಪ್ಪಿದ ವಿಡಿಯೋ

ರಂಗಂಪೇಟೆಯ ಪರಮಣ್ಣ ಶಹಾಪುರದ ಹತ್ತಿ ಮಿಲ್ಲಿನಲ್ಲಿ ಇಪ್ಪತ್ತೆರಡು ವರ್ಷ ಅಂಡಿಗೆ, ಅಂದರೆ ಹತ್ತಿಯ ದೊಡ್ಡ ಮೂಟೆ, ಹೊತ್ತವನು. ಹೆಂಡತಿ ಮಾನಮ್ಮನಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದುಹೋದ ಮೇಲೆ ಮಿಲ್ಲು ಬಿಟ್ಟ. ಮನೆಯ ಮುಂದೆಯೇ ಪಂಕ್ಚರ್ ಅಂಗಡಿ ಹಾಕಿಕೊಂಡ. ಅಂಡಿಗೆ ಎತ್ತಿದ ತೋಳಿಗೆ ಹೆಂಡತಿ ಯಾವ ಲೆಕ್ಕ ಎಂದುಕೊಂಡಿದ್ದ. ಮೊದಲ ವಾರವೇ ಇಬ್ಬರೂ ಮಂಚದಿಂದ ಕೆಳಗೆ ಬಿದ್ದರು. ಆಕೆಯನ್ನು ನೋವಾಗದಂತೆ ಎಬ್ಬಿಸುವುದು ಕಲಿಯಲು ಆರು ತಿಂಗಳು ಹಿಡಿಯಿತು.

ಅದನ್ನು ಕಂಡವಳು ಆರೋಗ್ಯ ಕೇಂದ್ರದಿಂದ ಮನೆಗೆ ಬಂದು ಹೋಗುತ್ತಿದ್ದ ನರ್ಸ್ ಸಾಬೇರಾ. "ಕಾಕಾ, ಇದನ್ನ ವಿಡಿಯೋ ಮಾಡ್ಲೇನ್ರಿ? ಲಕ್ವಾ ಆದವ್ರ ಮನಿಯವರಿಗೆ ತೋರಸ್ತೀನಿ" ಎಂದಳು. ಮಾನಮ್ಮನನ್ನೂ ಕೇಳಿದಳು. ಮಾನಮ್ಮ ತಲೆಯಾಡಿಸಿದಳು.

ಪರಮಣ್ಣನಿಗೆ ಖುಷಿಯೋ ಖುಷಿ. ಆ ದಿನ ದಾಡಿ ಮಾಡಿಕೊಂಡು ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟ. ಮಂಚಕ್ಕೆ ಹೊಸ ಚಾದರ ಹಾಸಿದ, ಮಾನಮ್ಮನಿಗೆ ಇಳಕಲ್ ಸೀರೆ ಉಡಿಸಿದ. ಸಾಬೇರಾ ಮೊಬೈಲ್ ಹಿಡಿದಾಗ, ಮದುವೆ ಫೋಟೋಕ್ಕೆ ನಿಂತವನಂತೆ ನಗುತ್ತ ಚಮಚದಲ್ಲಿ ಗಂಜಿ ಎತ್ತಿದ.

ಮಾನಮ್ಮ ಎಡಗೈಯಿಂದ ಚಮಚ ತಳ್ಳಿಬಿಟ್ಟಳು.

"ಸು... ಸುಳ್ಳು!"

ಗಂಜಿ ಅಂಗಿಯ ಮೇಲೆ ಚೆಲ್ಲಿತು. ಪರಮಣ್ಣನಿಗೆ ಅದರ ಕಡೆ ಗಮನವೇ ಇಲ್ಲ. ಎರಡು ವರ್ಷದಿಂದ ಆಕೆಯ ಬಾಯಲ್ಲಿ 'ನೀರು', 'ಹೂಂ', 'ಬ್ಯಾಡ' ಬಿಟ್ಟು ಬೇರೆ ಮಾತು ಬಂದಿರಲಿಲ್ಲ.

"ಏನಂದಿ? ಇನ್ನೊಮ್ಮಿ ಅನ್ನು!"

"ಸುಳ್ಳು!"

"ಕೇಳಿದೇನವಾ ಸಾಬೇರಾ? ಮಾತಾಡ್ಯಾಳ! ನನ್ನ ಬೈದಾಳ!" ಎಂದು ಮನೆ ತುಂಬ ಕುಣಿದಾಡಿದ. ಮೊಬೈಲ್ ಎಲ್ಲವನ್ನೂ ಹಿಡಿಯುತ್ತಲೇ ಇತ್ತು.

ಆಮೇಲೆ ಮಾನಮ್ಮನದೇ ಹುಕುಂ. ಹೊಸ ಚಾದರ ಕಿತ್ತೆಸೆದು, ಮಡಚಿಟ್ಟಿದ್ದ ಹಳೆಯ ಕೌದಿಯತ್ತ ಬೆರಳು ತೋರಿಸಿದಳು. ಗಂಡನ ಅಂಗಿ ಜಗ್ಗಿ ಬಿಚ್ಚಿಸಿದಳು. ಬನಿಯನ್ನಿನಲ್ಲಿ ನಿಂತ ಪರಮಣ್ಣ ದಿನದಂತೆ ಗೊಣಗುತ್ತ, ಆಕೆಯ ಮೊಣಕಾಲಿಗೆ ತನ್ನ ಮೊಣಕಾಲು ಆನಿಸಿ, "ಒಂದು, ಎರಡು, ಏಳು!" ಎಂದು ಎಬ್ಬಿಸಿ ನಿಲ್ಲಿಸಿದ. ಒಮ್ಮೆ ಅವಸರ ಮಾಡಿದ್ದಕ್ಕೆ ಕಿವಿ ಹಿಂಡಿಸಿಕೊಂಡ. ಜಳಕದ ಹೊತ್ತಿಗೆ ಮಾನಮ್ಮ ಬಾಗಿಲು ತೋರಿಸಿದಳು. ಸಾಬೇರಾ ಮೊಬೈಲ್ ಬಂದ್ ಮಾಡಿ ಹೊರಗೆ ಹೋದಳು.

ಬುಧವಾರ ಗಂಡ ಹೆಂಡತಿ ಇಬ್ಬರನ್ನೂ ಕರೆಸಿಕೊಂಡು, ಅದನ್ನು ಆರೋಗ್ಯ ಕೇಂದ್ರದಲ್ಲಿ ಲಕ್ವಾ ಆದವರ ಮನೆಯ ಹತ್ತಾರು ಮಂದಿಗೆ ತೋರಿಸಿದಳು. ಗಂಜಿ ಚೆಲ್ಲಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಹಿಂದೆ ಕುಳಿತ ದೇವಿಂದ್ರ ಎಂಬವನು ಮಾತ್ರ ಎದ್ದು ನಿಂತ. "ತಡೀರಿ, ಹಿಂದಕ್ಕ ಹೋಗ್ರಿ. ಮೊಣಕಾಲು ಎಲ್ಲಿ ಇಟ್ರಿ? ನಾ ನಮ್ಮವ್ವನ್ನ ರಟ್ಟಿ ಹಿಡಿದು ಜಗ್ಗತಿದ್ದೆ. ಪಾಪ, ಚೀರತಿದ್ಲು."

ಪರಮಣ್ಣ ಕೂತಲ್ಲಿ ಕೂರಲಾರದೆ ಎದ್ದು ಬಂದ. ದೇವಿಂದ್ರನನ್ನೇ ಕುರ್ಚಿಯಲ್ಲಿ ಕೂರಿಸಿ, ಎಬ್ಬಿಸಿ, ಮತ್ತೆ ಕೂರಿಸಿದ. ಮುಂದಿನ ಸಾಲಿನಲ್ಲಿದ್ದ ಮಾನಮ್ಮ ಗಂಡನ ಪಾದ ಜರುಗಿದ್ದನ್ನು ಕಂಡು "ಬ್ಯಾಡ, ಬ್ಯಾಡ" ಎಂದು ತಿದ್ದಿದಳು.

ಮರುದಿನ ಬೆಳಿಗ್ಗೆ ದೇವಿಂದ್ರನ ಫೋನು ಬಂತು. "ಕಾಕಾ, ನಿಮ್ಮಂಗ ಎಬ್ಬಿಸಿದೆ, ನಮ್ಮವ್ವ ಹೊರಗ ಕಟ್ಟಿಮ್ಯಾಲ ಬಂದು ಕುಂತಾಳ್ರೀ! ಓಣಿ ಮಂದಿನ್ನ ಕರದು ಮಾತಾಡಸಾಕತ್ಯಾಳ!"

ಪರಮಣ್ಣ ಅರ್ಧ ಬಿಚ್ಚಿದ ಸೈಕಲ್ ಗಾಲಿಯನ್ನು ಅಲ್ಲೇ ಬಿಟ್ಟು, ಫೋನನ್ನು ಮಾನಮ್ಮನ ಕಿವಿಗೆ ಹಿಡಿಯಲು ಒಳಗೆ ಓಡಿದ.